ಓದಿನ ಪಟ್ಟಿಯಲ್ಲಿ ಕೂಲಿಯವರು ಯಾಕಿಲ್ಲ

ಈ ಸೆಮಿಸ್ಟರ್‌ನಲ್ಲಿ ಪರಿಸರ ಚಿಂತನೆಯ ಪತ್ರಿಕೆಗಾಗಿ ಓದಿದ ಲೇಖಕರನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಅವರಲ್ಲಿ ಬಹುಪಾಲು ಮಂದಿ ಪ್ರಕೃತಿಯ ನಡುವೆ ಇದ್ದದ್ದು ಅಂದಿನ ಕೂಲಿಗಾಗಿ ಅಲ್ಲ. ಅಮೆರಿಕದ ಲೇಖಕ ಥೋರೋ 1845ರಿಂದ 1847ರವರೆಗೆ ವಾಲ್ಡನ್ ಕೊಳದ ದಂಡೆಯಲ್ಲಿ ತಾನೇ ಕಟ್ಟಿಕೊಂಡ ಸಣ್ಣ ಮನೆಯಲ್ಲಿದ್ದರು. ಅಲ್ಲಿ ಬೀನ್ಸ್ ಬೆಳೆದು ಮಾರಿದ್ದೂ ಉಂಟು, ಆದರೆ ಬೇಡವೆನಿಸಿದ ದಿನ ಹೊರಟುಬರುವ ಸ್ವಾತಂತ್ರ್ಯ ಅವರಿಗಿತ್ತು. ಅಲ್ಲಿನದೇ ವನ್ಯಜೀವಿ ತಜ್ಞ ಆಲ್ಡೊ ಲಿಯೋಪೋಲ್ಡ್ 1935ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸಾರ ಕಳೆದುಕೊಂಡಿದ್ದ ಒಂದು ಜಮೀನನ್ನು ಕೊಂಡು, ಬಿಡುವಿನ ದಿನಗಳಲ್ಲಿ ಹೆಂಡತಿ ಮಕ್ಕಳೊಂದಿಗೆ ಅಲ್ಲಿ ಪೈನ್ ಸಸಿಗಳನ್ನು ನೆಟ್ಟರು. ಮನುಷ್ಯನಿಗೆ ಉಪಯೋಗವಿರಲಿ ಇಲ್ಲದಿರಲಿ ಪ್ರಕೃತಿಗೆ ತನ್ನದೇ ಬೆಲೆಯಿದೆ ಎನ್ನುವ ಆಳ ಪರಿಸರವಾದಕ್ಕೆ 1973ರಲ್ಲಿ ಹೆಸರಿಟ್ಟ ತತ್ತ್ವಜ್ಞಾನಿ ಆರ್ನೆ ನೆಸ್ ನಾರ್ವೆಯ ಬೆಟ್ಟವೊಂದರ ಮೇಲೆ, ಮರಗಳು ಬೆಳೆಯುವ ಎತ್ತರವನ್ನೂ ದಾಟಿ, ತಮ್ಮದೊಂದು ಗುಡಿಸಲು ಕಟ್ಟಿಕೊಂಡಿದ್ದರು. ಇವರೆಲ್ಲ ಕಣ್ಣು ಕಿವಿಗಳನ್ನು ಪೂರ್ತಿ ತೆರೆದಿಟ್ಟು ಬದುಕಿದವರು, ಇವರನ್ನು ಓದಿ ನಾನು ಪಡೆದದ್ದು ಬಹಳ. ಆದರೂ ಓದುವಾಗ ಒಂದು ಪ್ರಶ್ನೆ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ದಿನಕ್ಕೆ ಎಂಟು ಗಂಟೆ ಮರಗಳ ಕೆಳಗೆ ಬೇರೆಯವರ ನೆಲದಲ್ಲಿ ದುಡಿಯುವವರು ಈ ಪುಟಗಳಲ್ಲಿ ಎಲ್ಲಿದ್ದಾರೆ?

ಈ ಪ್ರಶ್ನೆ ನನಗೆ ಬಂದದ್ದು ಸಹಜ. ನಮ್ಮದು ಆಲೂರು ತಾಲ್ಲೂಕಿನ, ಸಕಲೇಶಪುರದ ಕಡೆಗೆ ವಾಲಿಕೊಂಡಿರುವ ಒಂದು ಸಣ್ಣ ಊರು. ನಮಗೆ ಸ್ವಂತದ್ದೆಂದು ಒಂದಿಷ್ಟು ಕಾಫಿ ಇದೆ, ಅದು ಮನೆ ನಡೆಸುವಷ್ಟಿಲ್ಲ. ಹಾಗಾಗಿ ಅಮ್ಮ ಪಕ್ಕದ ಎಸ್ಟೇಟಿಗೆ ಕೆಲಸಕ್ಕೆ ಹೋಗುತ್ತಾರೆ. ನಾನು ಹಾಸನದಲ್ಲಿ ರೂಮು ಮಾಡಿಕೊಂಡು ಎಂ.ಎ. ಓದುತ್ತೇನೆ, ವಾರದ ಕೊನೆಗೆ ಊರಿಗೆ ಹೋಗುತ್ತೇನೆ. ಶನಿವಾರ ಸಂಜೆ ಬಸ್ಸು ಪಾಳ್ಯ ದಾಟುವ ಹೊತ್ತಿಗೆ ಓದಿನ ಲೋಕ ಹಿಂದೆ ಉಳಿದು ಆನೆಯ ಲೋಕ ಶುರುವಾಗುತ್ತಿತ್ತು. ಎಲ್ಲಿ ಇಳಿಯಬೇಕು, ಇಳಿದ ಮೇಲೆ ನಡೆಯಬಹುದೇ ಇಲ್ಲವೇ, ಯಾರ ಬೈಕು ಬರುತ್ತದೆ ಎಂಬುದನ್ನೆಲ್ಲ ಫೋನಿನಲ್ಲಿ ಕೇಳಿಕೊಂಡೇ ನಮ್ಮ ಊರಿನವರು ಬಸ್ಸಿನಿಂದ ಇಳಿಯುವುದು.

ಗದ್ದೆ ಬಿಟ್ಟ ಮೇಲೆ

ತರಗತಿಯಲ್ಲಿ ಅಮೆರಿಕದ ಇತಿಹಾಸಕಾರ ವಿಲಿಯಂ ಕ್ರೋನನ್ ಅವರ 1995ರ ಪ್ರಬಂಧವನ್ನು ಓದಿದೆವು. ಮನುಷ್ಯನ ಸೋಂಕಿಲ್ಲದ ಕಾಡು ಎನ್ನುವುದು ಒಂದು ಕಲ್ಪನೆ, ಆ ಕಲ್ಪನೆಗೂ ಒಂದು ಇತಿಹಾಸವಿದೆ, ಅದನ್ನು ಪೂಜಿಸುತ್ತ ಕೂತರೆ ನಾವು ನಿಜವಾಗಿ ಬದುಕುವ ಜಾಗಗಳ ಬಗ್ಗೆ ಹೊಣೆ ಹೊರುವುದನ್ನು ಮರೆಯುತ್ತೇವೆ ಎಂಬುದು ಅವರ ವಾದದ ತಿರುಳು. ಅಮೆರಿಕದ ಓದುಗರಿಗೆ ಇದು ದೊಡ್ಡ ಆಘಾತವನ್ನೇ ಉಂಟುಮಾಡಿತಂತೆ. ಮಲೆನಾಡಿನ ಅಂಚಿನಿಂದ ಬಂದ ನಮಗೆ ಅದರಲ್ಲಿ ಆಘಾತವೇನೂ ಇರಲಿಲ್ಲ. ನಮ್ಮಲ್ಲಿ ಕಾಡು ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಎಂದು ತೋರಿಸುವ ಗೆರೆ ಕಂದಾಯ ಇಲಾಖೆಯ ನಕ್ಷೆಯಲ್ಲಿ ಮಾತ್ರ ಇದೆ. ನೆಲದ ಮೇಲೆ ನೋಡಿದರೆ ಕಾಫಿಗೆ ನೆರಳು ಕೊಡುವ ಅತ್ತಿ, ಬಸರಿ, ಹಲಸು, ನೇರಳೆ ಮರಗಳು ಕಾಡಿನವೇ. ಅವುಗಳ ನಡುವೆ ಆಮೇಲೆ ಬಂದ ಸಿಲ್ವರ್ ಓಕ್, ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಆನೆಗೆ ಇದು ನೆರಳೂ ನೀರೂ ಮೇವೂ ಇರುವ ಜಾಗ, ಅಷ್ಟೆ. ಬೇಸಿಗೆಯಲ್ಲಿ ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕುವುದಕ್ಕೆಂದು ತೋಡಿದ ಕೆರೆಗಳೂ ಇಲ್ಲಿ ತೋಟಕ್ಕೊಂದರಂತೆ ಇವೆ.

ನಾನು ಚಿಕ್ಕವಳಿದ್ದಾಗ ತೋಟದ ಕೆಳಗಿನ ಗದ್ದೆಗಳಲ್ಲಿ ಭತ್ತ ಬೆಳೆಯುತ್ತಿತ್ತು. ಕಾಳು ಹಾಲುಗಟ್ಟುವ ಹೊತ್ತಿಗೆ ಆನೆಗಳು ಇಳಿಯುತ್ತಿದ್ದವು. ಅಟ್ಟಣೆ ಕಟ್ಟಿ, ಬೆಂಕಿ ಹಾಕಿ, ಪಟಾಕಿ ಹೊಡೆದು ಕಾಯುತ್ತಿದ್ದ ಗಂಡಸರು ಒಬ್ಬೊಬ್ಬರಾಗಿ ಬೇಸತ್ತರು. ಭತ್ತಕ್ಕೆ ಸಿಗುವ ಬೆಲೆ, ನಾಟಿಗೆ ಕೊಡಬೇಕಾದ ಕೂಲಿ, ಇವೂ ಕಾರಣವಾಗಿದ್ದವು. ಎಲ್ಲವನ್ನೂ ಆನೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಕೊನೆಯ ಏಟು ಕೊಟ್ಟದ್ದು ಆನೆಯೇ. ಈಗ ಆ ಗದ್ದೆಗಳಲ್ಲಿ ಜೊಂಡು ಬೆಳೆದಿದೆ, ಅಕ್ಕಿ ಅಂಗಡಿಯಿಂದ ಬರುತ್ತದೆ. ಅಪ್ಪ ಈಗ ಪ್ರತಿವರ್ಷ ತಪ್ಪದೆ ಮಾಡುವ ಒಂದು ಕೆಲಸವಿದೆ. ಮನೆಯ ಹಿಂದಿನ ಹಲಸಿನ ಮರಕ್ಕೆ ಕಾಯಿ ಬಿಟ್ಟು ಅಂಗೈಯಷ್ಟಾಗುತ್ತಿದ್ದಂತೆ ದೋಟಿಯಿಂದ ಎಲ್ಲವನ್ನೂ ಕಿತ್ತು, ಪಲ್ಯಕ್ಕೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಗುಂಡಿ ತೆಗೆದು ಮಣ್ಣು ಮುಚ್ಚುತ್ತಾರೆ. ಹಣ್ಣಾದರೆ ಅದರ ವಾಸನೆ ಮೈಲಿಗಟ್ಟಲೆ ಹೋಗುತ್ತದೆ, ಆನೆ ಮನೆಯ ಗೋಡೆಯ ಪಕ್ಕಕ್ಕೇ ಬರುತ್ತದೆ. ಅಂಟು ಸುರಿಯುವ ಆ ಎಳೆಕಾಯಿಗಳನ್ನು ಹೂಳುವಾಗ ಅಪ್ಪ ಒಂದು ಮಾತೂ ಆಡುವುದಿಲ್ಲ. ಮರವನ್ನೇ ಕಡಿಸಿಬಿಡಿ ಎಂದು ಹೇಳಿದವರಿದ್ದಾರೆ, ಅಪ್ಪ ಕಡಿಸಿಲ್ಲ.

ಸಣ್ಣ ಹಿಡುವಳಿಯ ಈ ನಷ್ಟವನ್ನು ಅರ್ಥಮಾಡಿಕೊಳ್ಳಲು ಓದಿನಲ್ಲಿ ಸಾಕಷ್ಟು ಸಹಾಯ ಸಿಕ್ಕಿತು. ರಾಮಚಂದ್ರ ಗುಹಾ 1989ರಲ್ಲಿ ಬರೆದ ಪ್ರಬಂಧವೊಂದು ಆಳ ಪರಿಸರವಾದಕ್ಕೆ ನಮ್ಮ ಕಡೆಯಿಂದ ಹೋದ ಬಲವಾದ ಉತ್ತರ. ಜನದಟ್ಟಣೆಯ ಬಡ ದೇಶದಲ್ಲಿ ಕಾಡನ್ನು ಮನುಷ್ಯರಿಂದ ಬೇರ್ಪಡಿಸಿ ಕಾಯುವ ನೀತಿ ಬಡವರ ಕೈಯಲ್ಲಿದ್ದುದನ್ನು ಕಿತ್ತು ಉಳ್ಳವರಿಗೆ ಕೊಟ್ಟಂತಾಗುತ್ತದೆ ಎಂದು ಅವರು ವಾದಿಸಿದರು, ಹುಲಿ ಯೋಜನೆಯನ್ನು ಉದಾಹರಣೆಯಾಗಿ ಮುಂದಿಟ್ಟರು. ನೆರೆಯ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಈ ಶತಮಾನದ ಆರಂಭದಲ್ಲಿ ಹೊರಗೆ ಬಂದು ನೆಲೆಸಿದ್ದನ್ನು ಚರ್ಚಿಸುವಾಗ ಈ ಪ್ರಬಂಧ ತರಗತಿಯಲ್ಲಿ ಜೀವಂತವಾಯಿತು. ಮುಂದೆ ಗುಹಾ ಮತ್ತು ಮಾಧವ ಗಾಡ್ಗೀಳ್ ಸೇರಿ ಮಾಡಿದ ವಿಂಗಡಣೆಯನ್ನೂ ಓದಿದೆವು: ಸುತ್ತಲಿನ ಪರಿಸರವನ್ನೇ ನೆಚ್ಚಿ ಬದುಕುವ ಜನ, ಎಲ್ಲೆಡೆಯ ಸಂಪತ್ತನ್ನೂ ತರಿಸಿಕೊಂಡು ಉಣ್ಣಬಲ್ಲವರು, ನೆಲೆ ಕಳೆದುಕೊಂಡ ಪರಿಸರ ನಿರಾಶ್ರಿತರು. ಅಪ್ಪನನ್ನು ಒಂದಿಷ್ಟು ಕಷ್ಟಪಟ್ಟಾದರೂ ಮೊದಲನೆಯ ಗುಂಪಿಗೆ ಸೇರಿಸಬಹುದು. ಅಮ್ಮ ಎಲ್ಲಿಗೆ ಸೇರುತ್ತಾರೆ? ಆ ಮರಗಳಾಗಲಿ ಹಣ್ಣಾಗಲಿ ಅವರವಲ್ಲ. ಅವರು ಅಲ್ಲಿಗೆ ಹೋಗುವುದು ದಿನಗೂಲಿಗೆ. ಆದರೂ ಆ ನೆಲದ ಒಂದೊಂದು ತಿರುವನ್ನೂ ಮಾಲೀಕರಿಗಿಂತ ಚೆನ್ನಾಗಿ ಬಲ್ಲವರು ಅವರು.

ಎಸ್ಟೇಟಿನ ಗೇಟಿನಲ್ಲಿ

ಅರೇಬಿಕಾ ಹಣ್ಣು ಕೊಯ್ಲಿನ ಕಾಲ. ಕಾಲೇಜಿಗೆ ರಜೆ ಇದ್ದುದರಿಂದ ನಾನೂ ಅಮ್ಮನ ಜೊತೆ ಕೊಯ್ಲಿಗೆ ಹೊರಟೆ. ಕೊಯ್ಲಿನಲ್ಲಿ ಕೂಲಿ ಲೆಕ್ಕವಾಗುವುದು ಕಿಲೋಗೆ ಇಷ್ಟು ಎಂದು. ಒಂದು ಕೈ ಹೆಚ್ಚಾದರೆ ಮನೆಗೆ ಅಷ್ಟು ಹೆಚ್ಚು. ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಗೇಟಿನ ಒಳಗೆ ಕೆಲಸಗಾರರು ಇರುವ ಲೈನ್ ಮನೆಗಳ ಮುಂದೆ ಹೆಂಗಸರು ತಲೆಗೆ ಟವೆಲು ಸುತ್ತಿಕೊಂಡು, ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತಿದ್ದರು. ಸ್ವಲ್ಪ ದೂರದಲ್ಲಿ ಅಸ್ಸಾಮಿನಿಂದ ಬಂದ ಕೆಲಸಗಾರರ ಗುಂಪು, ತಮ್ಮದೇ ಮಾತಿನಲ್ಲಿ. ತೋಟದ ಕೆಲಸ ಹಂಚುವ ರೈಟರ್ ಫೋನು ನೋಡುತ್ತಿದ್ದರು. ಆನೆಗಳ ಇರುನೆಲೆ ತಿಳಿಸುವ ಸಂದೇಶ ಬಂದಿತ್ತು: ಸಲಗ ರಾತ್ರಿ ರಸ್ತೆ ದಾಟಿ ಆಚೆಯ ಎಸ್ಟೇಟಿಗೆ ಹೋಗಿದೆ. ಹಾಗಾಗಿ ಕೆಳಗಿನ ಬ್ಲಾಕಿನಲ್ಲೇ ಕೊಯ್ಯಬಹುದು ಎಂದರು.

ಅಮ್ಮನ ಜೊತೆಗೆ ವರ್ಷಗಳಿಂದ ದುಡಿಯುತ್ತಿರುವ ಹಿರಿಯ ಹೆಂಗಸೊಬ್ಬರು ಹೊರಡಲಿಲ್ಲ. ಅವರು ದಾರಿಯಲ್ಲಿ ಬಿದ್ದಿದ್ದ ಲದ್ದಿಯ ಹತ್ತಿರ ಹೋಗಿ, ಚಪ್ಪಲಿ ಕಳಚಿ, ಬರಿಗಾಲಿನ ಬೆರಳುಗಳಿಂದ ಅದನ್ನು ಒತ್ತಿ ನೋಡಿದರು. ಒಳಗೆ ಇನ್ನೂ ಬಿಸಿ ಇತ್ತು. ಪಕ್ಕದಲ್ಲಿ ಸಣ್ಣ ಲದ್ದಿಯೂ ಇತ್ತು, ಅದನ್ನು ನಮಗೆಲ್ಲ ತೋರಿಸಿದರು. ಬೈನೆ ಮರವೊಂದನ್ನು ಕೆಡವಿ, ಅದರ ಒಳತಿರುಳನ್ನು ಅಗಿದು ಉಗಿದ ನಾರು ಬೇಲಿಯ ಬದಿಗೆ ಚೆಲ್ಲಿತ್ತು. ಒಂದು ಎಳೆಯನ್ನು ಎತ್ತಿಕೊಂಡು ಹಿಂಡಿದರು, ನೀರು ಬಂತು. ಆಮೇಲೆ ಸಿಲ್ವರ್ ಓಕಿನ ಕಾಂಡಕ್ಕೆ ಮೆತ್ತಿದ್ದ ಕೆಸರಿನ ಕಡೆ ನೋಡಿದರು. ಒಂದು ಗುರುತು ಅವರ ತಲೆಗಿಂತ ಮೇಲಿತ್ತು, ಇನ್ನೊಂದು ಸೊಂಟದ ಮಟ್ಟದಲ್ಲಿ. ‘ಹೋಗಿರೋದು ಒಂಟಿ. ಇದು ಬೇರೆ. ಮರಿ ಕಟ್ಟಿಕೊಂಡು ಬಂದಿದಾವೆ, ಹಳ್ಳದ ಪಕ್ಕ ನಿಂತಿರ್ತಾವೆ, ಬಿಸಿಲೇರೋವರೆಗೂ ಅಲ್ಲಾಡಲ್ಲ’ ಎಂದರು. ಹೇಳಿದ್ದು ಮೆಲ್ಲಗೆ, ಆದರೆ ಅದರಲ್ಲಿ ಅನುಮಾನ ಇರಲಿಲ್ಲ. ಅಸ್ಸಾಮಿನ ಹುಡುಗನೊಬ್ಬ ಹತ್ತಿರ ಬಂದು ಲದ್ದಿಯನ್ನು ನೋಡಿ, ಬೆರಳಿನಿಂದ ಎತ್ತರ ತೋರಿಸಿ ಕೇಳಿದ, ಆಕೆ ತಲೆಯಾಡಿಸಿದರು. ಆನೆ ಅವನ ಊರಿನಲ್ಲೂ ಇರುವ ಪ್ರಾಣಿಯೇ.

ರೈಟರ್ ಕೆಟ್ಟವರಲ್ಲ. ಅವರು ಒಂದು ಕ್ಷಣ ಯೋಚಿಸಿ ಎಲ್ಲರನ್ನೂ ಮೇಲಿನ ಬ್ಲಾಕಿಗೆ ಕಳುಹಿಸಿದರು. ಮೇಲೆ ಹಣ್ಣು ಇನ್ನೂ ಪೂರ್ತಿ ಕೆಂಪಾಗಿರಲಿಲ್ಲ; ಕಾಯಿ ಬಿಟ್ಟು ಹಣ್ಣು ಮಾತ್ರ ಆರಿಸಿ ಕೊಯ್ಯಬೇಕಾದ್ದರಿಂದ ಕೈ ಓಡಲಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಆನೆಗಳ ಜಾಡು ಹಿಡಿಯುವ ಅರಣ್ಯ ಇಲಾಖೆಯ ಪಡೆಯಾದ ಇಟಿಎಫ್‌ನ ಹುಡುಗರು ಬಂದು ನೋಡಿದಾಗ ಹಿಂಡು ಹಳ್ಳದ ಬದಿಯ ರೊಬಸ್ಟಾದಲ್ಲೇ ಇತ್ತು. ಸಂದೇಶ ಸುಳ್ಳೇನೂ ಆಗಿರಲಿಲ್ಲ, ಅದು ಹೇಳಿದ್ದು ರೇಡಿಯೋ ಕಾಲರ್ ಇರುವ ಆನೆಯ ಸುದ್ದಿಯನ್ನು. ಕೊರಳಿಗೆ ಕಾಲರ್ ಇಲ್ಲದ ಆನೆಗಳ ಸುದ್ದಿ ಕಾಲಿನ ಬೆರಳಿಗೆ ತಿಳಿದಿತ್ತು. ಅಂದು ಕೆಲಸ ಬೇಗ ನಿಂತಿತು. ತೂಕದ ಹತ್ತಿರ ಅಮ್ಮನ ಚೀಲ ಎಂದಿನ ಅರ್ಧದಷ್ಟೂ ತೂಗಲಿಲ್ಲ.

ಅದೇ ರಜೆಯಲ್ಲಿ ನಾನು ರಿಚರ್ಡ್ ವೈಟ್ ಎಂಬ ಇತಿಹಾಸಕಾರರ ಪ್ರಬಂಧವನ್ನು ಓದಿದೆ. ಅದು ಪಠ್ಯದಲ್ಲಿ ಇರಲಿಲ್ಲ, ಕ್ರೋನನ್ ಸಂಪಾದಿಸಿದ ಸಂಕಲನದಲ್ಲೇ ಇತ್ತು. ಪರಿಸರವಾದಿಗಳು ದುಡಿಮೆಯನ್ನು ಪ್ರಕೃತಿಯ ನಾಶದೊಂದಿಗೆ ಸಮೀಕರಿಸಿ, ಬಿಡುವಿನ ಮೂಲಕ ಮಾತ್ರ ಪ್ರಕೃತಿಯನ್ನು ಅರಿಯಬಹುದೆಂದು ನಂಬಿದ್ದಾರೆ. ಆದರೆ ಮನುಷ್ಯರು ಯುಗಯುಗಗಳಿಂದ ಪ್ರಕೃತಿಯನ್ನು ಅರಿತದ್ದು ಮೈ ಬಗ್ಗಿಸಿ ದುಡಿಯುವುದರ ಮೂಲಕ ಎಂಬುದು ಅವರ ಮಾತಿನ ಸಾರ. ಇಡೀ ಸೆಮಿಸ್ಟರ್‌ನಲ್ಲಿ ನನ್ನ ಮನೆಯ ಅಂಗಳಕ್ಕೆ ನೇರವಾಗಿ ನಡೆದುಬಂದ ಬರಹವೆಂದರೆ ಇದೊಂದೇ. ಆದರೆ ವೈಟ್ ಮುಖ್ಯವಾಗಿ ಬರೆದದ್ದು ಮರ ಕಡಿಯುವವರ, ಹೊಲ ಉಳುವವರ ಬಗ್ಗೆ, ಅಂದರೆ ಪ್ರಕೃತಿಯ ಮೇಲೆ ಕೈಮಾಡುವ ದುಡಿಮೆಯ ಬಗ್ಗೆ. ಆ ಹಿರಿಯ ಹೆಂಗಸಿನ ಜ್ಞಾನ ಬಂದದ್ದು ಇನ್ನೊಂದು ಕಡೆಯಿಂದ, ಜೀವಭಯದಿಂದ. ಆಕೆಗೆ ಆನೆ ಗೊತ್ತಿರುವುದು ಪ್ರೀತಿಯಿಂದಲೂ ಅಲ್ಲ, ಕುತೂಹಲದಿಂದಲೂ ಅಲ್ಲ. ಗೊತ್ತಿಲ್ಲದಿದ್ದರೆ ಸಂಜೆ ಮನೆಗೆ ಬರುವ ಖಾತ್ರಿ ಇಲ್ಲ. ಇಂಥ ಜ್ಞಾನವನ್ನು ಕೊಂಡಾಡುವುದು ಸುಲಭ. ಕೊಂಡಾಡುವ ಮೊದಲು, ಅದನ್ನು ಕಲಿಯಬೇಕಾದ ಸ್ಥಿತಿಗೆ ಆಕೆಯನ್ನು ತಂದದ್ದೇನು ಎಂದು ಕೇಳಬೇಕು ಎಂದು ನನಗೆ ತೋರುತ್ತದೆ.

ವಲಯಗಳು

ಹೈಕೋರ್ಟಿನ ಆದೇಶದಂತೆ ರಚನೆಯಾಗಿ 2012ರಲ್ಲಿ ವರದಿ ಕೊಟ್ಟ ಕರ್ನಾಟಕ ಆನೆ ಕಾರ್ಯಪಡೆ ಆನೆಯ ನಾಡನ್ನು ಮೂರು ಬಗೆಯಾಗಿ ವಿಂಗಡಿಸಿತು: ಆನೆಗಳ ಸಂರಕ್ಷಣೆಯ ವಲಯ, ಆನೆ ಮತ್ತು ಮನುಷ್ಯರ ಸಹಬಾಳ್ವೆಯ ವಲಯ, ಆನೆಗಳನ್ನು ತೆರವು ಮಾಡಬೇಕಾದ ವಲಯ. ಆಲೂರು ಸಕಲೇಶಪುರದ ನಮ್ಮ ಭಾಗ ಮೂರನೆಯದಕ್ಕೆ ಸೇರಿತು. ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯ ಈ ವರದಿ ಶ್ರದ್ಧೆಯಿಂದ ಬರೆದದ್ದು, ಅದರ ಹಿಂದೆ ಜನರ ಸಂಕಟದ ಅರಿವೂ ಇದೆ. ಅದರಂತೆ ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಯಿತು. ಆದರೂ ಆನೆಗಳು ಇವೆ, ಬೇಲೂರಿನ ಕಡೆಗೂ ಹಬ್ಬಿವೆ. ನಮ್ಮ ಜಿಲ್ಲೆಯಿಂದ ಹೋದ, ಬೀಟಮ್ಮ ಎಂದು ಕರೆಯುವ ಆನೆಯ ಹಿಂಡು ಚಿಕ್ಕಮಗಳೂರಿನ ಸುತ್ತ ತಿಂಗಳುಗಟ್ಟಲೆ ಓಡಾಡಿದ್ದನ್ನು ಎಲ್ಲರೂ ಬಲ್ಲರು. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದೂ ಯಸಳೂರು ವಲಯದಲ್ಲಿ, ಇಂಥದೇ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗೆ ಕಾದಾಡಿ. ಆ ದಿನ ನಮ್ಮೂರಿನಲ್ಲಿ, ಆನೆಯಿಂದ ಬೆಳೆ ಕಳೆದುಕೊಂಡವರೂ ಅತ್ತರು.

ಇದನ್ನು ಲಿಯೋಪೋಲ್ಡ್ ಅವರ ನೆಲದ ನೀತಿಯ ಪಕ್ಕದಲ್ಲಿಟ್ಟು ನೋಡುವ ಪ್ರಯತ್ನವನ್ನು ನನ್ನ ಸೆಮಿನಾರ್ ಪ್ರಬಂಧದಲ್ಲಿ ಮಾಡಿದೆ. ಮಣ್ಣು, ನೀರು, ಗಿಡ, ಪ್ರಾಣಿ ಎಲ್ಲವೂ ಸೇರಿದ ಸಮುದಾಯದ ಒಟ್ಟು ಆರೋಗ್ಯವನ್ನು ಕಾಪಾಡುವುದು ಸರಿ, ಕೆಡಿಸುವುದು ತಪ್ಪು ಎಂಬುದು ಅವರ ಅಳತೆಗೋಲು. ಒಟ್ಟಿನ ಹಿತಕ್ಕಾಗಿ ಬಿಡಿಜೀವವನ್ನು ಬಲಿಕೊಡುವ ಅಪಾಯ ಇದರಲ್ಲಿದೆ ಎಂದು ಪ್ರಾಣಿಹಕ್ಕುಗಳ ಚಿಂತಕ ಟಾಮ್ ರೀಗನ್ 1983ರಲ್ಲಿ ಕಟುವಾಗಿ ಆಕ್ಷೇಪಿಸಿದರು. ನಮ್ಮ ಕಡೆಯ ಜನ ಈ ಎರಡು ತುದಿಗಳಲ್ಲಿ ಎಲ್ಲೂ ನಿಲ್ಲುವುದಿಲ್ಲ. ಅವರಿಗೆ ಆನೆಗಳೆಂದರೆ ಬಿಡಿಬಿಡಿಯಾಗಿ ಪರಿಚಯವಿರುವ ಜೀವಗಳು. ಭೀಮ ಎಂಬ ಆನೆ ಪೇಟೆಯ ನಡುವೆ ನಡೆದುಹೋದರೂ ಯಾರನ್ನೂ ಮುಟ್ಟುವುದಿಲ್ಲ ಎಂದು ಜನ ಗೌರವದಿಂದ ದಾರಿ ಬಿಡುತ್ತಾರೆ. ಇನ್ನೊಂದರ ಹೆಸರೆತ್ತಿದರೆ ದನಿ ತಗ್ಗಿಸುತ್ತಾರೆ. ಸ್ವಭಾವ ನೋಡಿ ಒಂದೊಂದು ಆನೆಯ ಬಗ್ಗೆ ಒಂದೊಂದು ತೀರ್ಮಾನಕ್ಕೆ ಬರುವ ಈ ಕ್ರಮ ನನ್ನ ದೃಷ್ಟಿಯಲ್ಲಿ ಒಂದು ಪೂರ್ಣ ಪ್ರಮಾಣದ ನೈತಿಕ ವಿಚಾರ. ಯಾರೂ ಅದನ್ನು ಬರೆದಿಟ್ಟಿಲ್ಲ ಎಂಬ ಕಾರಣಕ್ಕೆ ಅದು ಪಠ್ಯದೊಳಗೆ ಬರುವುದಿಲ್ಲ.

ನಿಯಮ ಮಾಡುವವರು

ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದದ್ದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ, ಎಲ್ಲರ ಸ್ವತ್ತು ಹಾಳಾಗಿಯೇ ಹೋಗುತ್ತದೆ ಎಂಬ ಅವರ ನಂಬಿಕೆಗೆ ಎಲಿನರ್ ಓಸ್ಟ್ರಮ್ 1990ರ ಹೊತ್ತಿಗೆ ಊರೂರಿನ ನಿದರ್ಶನಗಳಿಂದ ಉತ್ತರ ಕೊಟ್ಟರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಕೆರೆಗೆ ನೀರುಗಂಟಿ ಇದ್ದ ನಾಡಿನವರಿಗೆ ಅವರನ್ನು ಒಪ್ಪಿಕೊಳ್ಳುವುದು ಕಷ್ಟವಲ್ಲ. ನನಗೆ ಮುಖ್ಯವಾಗಿ ಉಳಿದದ್ದು ಎಲ್ಲರ ಸ್ವತ್ತನ್ನು ಕಾಪಾಡಿಕೊಳ್ಳುವ ಬಗ್ಗೆ ಅವರು ಹೇಳಿದ ಎಂಟು ಸೂತ್ರಗಳಲ್ಲಿ ಒಂದು: ನಿಯಮದಿಂದ ಬಾಧಿತರಾಗುವವರಿಗೆ ಆ ನಿಯಮವನ್ನು ತಿದ್ದುವುದರಲ್ಲಿ ಪಾಲು ಇರಬೇಕು. ಇದನ್ನು ಹಿಡಿದು ನಾನು ಊರಿನ ಎಚ್ಚರಿಕೆ ವ್ಯವಸ್ಥೆಯನ್ನು ನೋಡಿದೆ. ಆನೆಯ ಸುದ್ದಿ ಬೇಗ ತಲುಪುವಂತಾದ ಮೇಲೆ ಎಷ್ಟೋ ಜೀವ ಉಳಿದಿದೆ ಎಂದು ಅಮ್ಮನೇ ಹೇಳುತ್ತಾರೆ, ಅದನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಸುದ್ದಿ ಹೋಗುವುದು ಮಾಲೀಕರಿಗೆ, ರೈಟರಿಗೆ, ಸ್ಮಾರ್ಟ್‌ಫೋನು ಇರುವವರಿಗೆ; ಅದೂ ಕನ್ನಡದಲ್ಲಿ. ಲೈನ್ ಮನೆಯಲ್ಲಿರುವ ಅಸ್ಸಾಮಿನ ಕೆಲಸಗಾರನಿಗೆ ಅದು ತಲುಪುವುದು ಯಾರಾದರೂ ಕೈಸನ್ನೆಯಿಂದ ಹೇಳಿದಾಗ. ಅಂದು ಬೆಳಗ್ಗೆ ಆ ಹಿರಿಯ ಹೆಂಗಸಿಗೆ ತಿಳಿದ ಸುದ್ದಿ ವಾಪಸು ಅದೇ ಜಾಲಕ್ಕೆ ಸೇರುವ ದಾರಿಯೂ ಇಲ್ಲ. ಆಕೆಯ ಬಳಿ ಇರುವುದು ಬಟನ್ ಫೋನು, ಆಕೆಯ ಮಾತನ್ನು ಬರೆದುಕೊಳ್ಳುವ ಹೊಣೆ ಯಾರ ಮೇಲೂ ಇಲ್ಲ.

ಪರಿಹಾರದ ಲೆಕ್ಕವೂ ಹೀಗೆಯೇ ಸಾಗುತ್ತದೆ. ಆನೆ ತುಳಿದರೆ ಬೆಳೆಗೆ ಪರಿಹಾರ, ಅದು ಪಹಣಿಯಲ್ಲಿ ಹೆಸರಿರುವವರಿಗೆ. ಸಾವಾದರೆ ಮನೆಯವರಿಗೆ ಪರಿಹಾರ; ಏಳೂವರೆ ಲಕ್ಷವಿದ್ದದ್ದು ಹದಿನೈದು ಲಕ್ಷಕ್ಕೆ ಏರಿದಾಗ ಎಲ್ಲರೂ ಅದನ್ನು ಸ್ವಾಗತಿಸಿದರು. ಈ ಎರಡರ ನಡುವೆ, ಆನೆ ಹಳ್ಳದ ಬಳಿ ನಿಂತ ಕಾರಣಕ್ಕೆ ವಾಪಸು ಬಂದ ದಿನದ ಕೂಲಿ ಯಾವ ಪಟ್ಟಿಯಲ್ಲೂ ಇಲ್ಲ. ಕೆಲವು ತೋಟಗಳವರು ಅರ್ಧ ದಿನದ್ದನ್ನು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ, ಕೊಯ್ಲಿನ ಕಾಲದಲ್ಲಿ ಕೊಯ್ದಷ್ಟಕ್ಕೆ ಮಾತ್ರ ಎನ್ನುವುದೇ ರೂಢಿ. ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೂಲಿ ಹೋಗುತ್ತದೆಂದು ಗೊತ್ತಿರುವವರು ಅನುಮಾನವಿದ್ದಾಗಲೂ ಇಳಿಯುತ್ತಾರೆ. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಕಾನೂನಿನ ಪ್ರಕಾರ, ಅದು ಜಾರಿಯಾದ ಮೇಲೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ ಅಲ್ಲಿನ ಮಾರುಕಟ್ಟೆಗೆ ಹೋಗುವಂತಿಲ್ಲ. ಅದಕ್ಕಾಗಿ ನಮ್ಮ ಕಡೆಯ ಬೆಳೆಗಾರರು ತೋಟದ ಅಕ್ಷಾಂಶ ರೇಖಾಂಶಗಳನ್ನು ದಾಖಲಿಸುತ್ತಿದ್ದಾರೆ. ಮರ ಉಳಿಯಲಿ ಎಂಬ ಆಸೆ ನನ್ನದೂ ಹೌದು. ಆ ಮರ ಉಳಿದಿರುವುದರಿಂದಲೇ ಆನೆಯೂ ಅಲ್ಲಿ ಉಳಿದಿದೆ, ಆ ಆನೆಯ ಎದುರಿಗೆ ಬೆಳಗ್ಗೆ ನಡೆದುಹೋಗುವುದು ಕೂಲಿಯವರು ಎಂಬ ಮುಂದಿನ ಕೊಂಡಿಯನ್ನೂ ಆ ದಾಖಲೆಗೆ ಸೇರಿಸಬೇಕೆಂಬುದು ನನ್ನ ಒತ್ತಾಯ.

ಸೆಮಿನಾರಿನಲ್ಲಿ ಇದನ್ನು ಓದಿದಾಗ ಮೇಡಂ ಕೇಳಿದ ಪ್ರಶ್ನೆ ನೇರವಾಗಿತ್ತು: ಆ ದಿನದ ಕೂಲಿಯನ್ನು ಯಾರು ಕೊಡಬೇಕು? ಮೊದಲು ಸರ್ಕಾರ ಎಂದೆ, ಏಕೆಂದರೆ ಆನೆಯನ್ನು ಕಾಯುವ ತೀರ್ಮಾನ ಇಡೀ ಸಮಾಜದ್ದು. ಸಕಲೇಶಪುರದ ಬೆಳೆಗಾರರ ಮನೆಯಿಂದ ಬಂದ ಗೆಳತಿಯೊಬ್ಬಳು ಎದ್ದು, ತೋಟದ ಮಾಲೀಕರೂ ಒಂದು ಪಾಲು ಕೊಡಬೇಕು, ತನ್ನ ತಂದೆ ಕೊಡಬಲ್ಲರು, ಆದರೆ ಐದು ಎಕರೆಯವರು ಕೊಡಲಾರರು, ಹಾಗಾಗಿ ಇಷ್ಟು ಎಕರೆಯ ಮೇಲಿನವರು ಎಂದು ಮಿತಿ ಇರಬೇಕು ಎಂದಳು. ಮಿತಿ ಎಷ್ಟಿರಬೇಕು, ಆನೆ ಇತ್ತೆಂದು ದೃಢೀಕರಿಸುವವರು ಯಾರು, ಸಂದೇಶ ಬರದಿದ್ದ ದಿನ ಹೆಂಗಸರ ಮಾತನ್ನೇ ಸಾಕ್ಷಿಯೆಂದು ಒಪ್ಪಬೇಕೆ ಎಂಬಲ್ಲಿಗೆ ಚರ್ಚೆ ಬಂದು, ಪೀರಿಯಡ್ ಮುಗಿದ ಮೇಲೂ ಮುಂದುವರಿಯಿತು. ಒಪ್ಪಬೇಕು ಎಂಬುದು ನನ್ನ ನಿಲುವು. ನಾಲ್ಕನೆಯ ಸೆಮಿಸ್ಟರ್‌ನ ಪ್ರಬಂಧಕ್ಕೆ ಇದನ್ನೇ ವಿಷಯವಾಗಿ ಕೊಟ್ಟಿದ್ದೇನೆ, ಕೊಯ್ಲು ಮುಗಿಯುವ ಮೊದಲೇ ಲೈನ್ ಮನೆಗಳಲ್ಲಿ ಮಾತಾಡಿಸಲು ಅಮ್ಮನ ಜೊತೆಗೆ ಹೋಗುತ್ತೇನೆ. ಅಸ್ಸಾಮಿನವರೊಡನೆ ಮಾತಿಗೆ ಒಬ್ಬರು ದುಭಾಷಿ ಬೇಕಾಗಿದ್ದಾರೆ.